ದಿವ್ಯವಾಣಿಯ ಎಲ್ಲೆ ಮತ್ತು ಸುಲ್ತಾನನ ಕನಸುಗಳು

ಇಸ್ಲಾಮಿನ ವಿಚಾರ ಪರಂಪರೆಯಲ್ಲಿ ದೇವರು ತಾನು ಆರಿಸಿದ ಪ್ರವಾದಿಗೆ ಸಂದೇಶ ತಲುಪಿಸುವುದನ್ನು 'ವಹೀ' ಎನ್ನುತ್ತಾರೆ. ಕ್ರಿ.ಶ. 610ರಲ್ಲಿ ಮೆಕ್ಕಾ ಸಮೀಪದ ಹಿರಾ ಗುಹೆಯಲ್ಲಿ ಜಿಬ್ರೀಲ್ ಎಂಬ ದೇವದೂತನ ಮೂಲಕ ಪ್ರವಾದಿ ಮುಹಮ್ಮದರಿಗೆ ಆರಂಭವಾದ ವಹೀ, ಅವರು ತೀರಿಕೊಂಡ 632ರವರೆಗೂ ಸಂದರ್ಭಕ್ಕೆ ತಕ್ಕಂತೆ ಬಿಡಿಬಿಡಿಯಾಗಿ ಇಳಿದು ಬಂದು ಕುರ್‌ಆನ್ ಆಯಿತೆಂಬುದು ಮುಸ್ಲಿಮರ ದೃಢವಾದ ನಂಬಿಕೆ. ಪ್ರವಾದಿಗಳ ಪರಂಪರೆ ಅವರಲ್ಲಿಗೆ ಮುಗಿಯಿತೆಂದು ಒಪ್ಪಿದ ಮೇಲೆ, ಅನಂತರದ ಭಕ್ತರ ಅಂತರಂಗದಲ್ಲಿ ಮೂಡುವ ಹೊಳಹುಗಳಿಗೂ ಕನಸುಗಳಿಗೂ ಯಾವ ಸ್ಥಾನ ಎಂಬ ಪ್ರಶ್ನೆ ಉಳಿಯುತ್ತದೆ.

ಪರಂಪರೆ ಆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಸತ್ಯವಾದ ಕನಸು ಪ್ರವಾದಿತ್ವದ 46 ಭಾಗಗಳಲ್ಲಿ ಒಂದು ಎಂಬ ಅರ್ಥದ ಹದೀಸ್, ಅಂದರೆ ಪ್ರವಾದಿಯ ನುಡಿಯ ವರದಿ, ಪ್ರಸಿದ್ಧವಾಗಿದೆ. ಸಂತರ ಮನಸ್ಸಿಗೆ ದೇವರು ಹೊಳೆಯಿಸುವ ಅರಿವನ್ನು ಸೂಫಿಗಳು 'ಇಲ್ಹಾಮ್' ಎಂದು ಕರೆದರು. ದಾರ್ಶನಿಕ ಇಬ್ನ್ ಸೀನಾ ಇನ್ನೂ ಮುಂದೆ ಹೋಗಿ, ಪ್ರವಾದಿಯ ಅರಿವನ್ನು ಮಾನವ ಬುದ್ಧಿ ಮತ್ತು ಕಲ್ಪನಾಶಕ್ತಿಗಳ ಪರಮೋನ್ನತ ಸ್ಥಿತಿಯಾಗಿ ವಿವರಿಸಿದ. ಈ ವಿವರಣೆ ಆಕರ್ಷಕವೇ ಆದರೂ ಸಾಲದು, ಏಕೆಂದರೆ ಅನುಭವದ ತೀವ್ರತೆಯೊಂದನ್ನೇ ಅಳತೆಯಾಗಿಟ್ಟರೆ ಪ್ರವಾದಿಗೂ ಸಂತನಿಗೂ ಇರುವ ಅಂತರ ಬರೀ ಪ್ರಮಾಣದ ಮಾತಾಗುತ್ತದೆ. ವಹೀಯನ್ನು ಬೇರೆಯಾಗಿಸುವುದು ಅದು ಇತರರ ಮೇಲೆ ಹೊರಿಸುವ ಹೊಣೆ. ಕೇಳಿದವರೆಲ್ಲರೂ ಅದಕ್ಕೆ ಬದ್ಧರು, ಕನಸಾದರೋ ಕಂಡವನದು.

ಈ ಅಂತರ ಕಣ್ಣಿಗೆ ಕಾಣುವಂತೆ ಇರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಸಿಕ್ಕ ಒಂದು ಪುಟ್ಟ ಪುಸ್ತಕದಲ್ಲಿ. 1799ರಲ್ಲಿ ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ದೊರೆತ ಟಿಪ್ಪು ಸುಲ್ತಾನನ ಕೈಬರಹದ ಆ ಪಾರ್ಸಿ ಪುಸ್ತಕ ಈಗ ಲಂಡನ್ನಿನಲ್ಲಿದೆ. ಗಿರೀಶ ಕಾರ್ನಾಡರ 'ಟಿಪ್ಪು ಸುಲ್ತಾನ ಕಂಡ ಕನಸು' ನಾಟಕದಿಂದ ಕನ್ನಡಿಗರಿಗೂ ಅದರ ಪರಿಚಯವಿದೆ. ಅದರಲ್ಲಿರುವ 37 ಕನಸುಗಳಲ್ಲಿ ಒಂದರಲ್ಲಿ ಮೂರು ಬೆಳ್ಳಿ ತಟ್ಟೆಗಳ ತುಂಬ ತಾಜಾ ಖರ್ಜೂರ ಬರುತ್ತದೆ, ಎಚ್ಚರಗೊಂಡ ಸುಲ್ತಾನ ಅದನ್ನು ಮೂವರು ವೈರಿಗಳ ರಾಜ್ಯಗಳು ತನ್ನ ವಶವಾಗುವ ಸೂಚನೆಯೆಂದು ತಾನೇ ಅರ್ಥೈಸುತ್ತಾನೆ. ಹಾಗೆ ಅರ್ಥ ಹಚ್ಚಬೇಕಾಗಿ ಬಂದುದೇ ಮುಖ್ಯ: ಅಲ್ಲಿ ಆಜ್ಞೆಯಿಲ್ಲ, ಊಹೆಗೆ ಬಿಟ್ಟ ಸಂಕೇತವಿದೆ, ಊಹೆ ತಪ್ಪುವುದೂ ಸಾಧ್ಯ. ಆ ಮೂರು ರಾಜ್ಯಗಳು ಅವನ ಕೈಸೇರಲೂ ಇಲ್ಲ. ಹಗಲಿನ ಯುದ್ಧಚಿಂತೆಗಳೇ ತುಂಬಿರುವ ಆ ಪುಟಗಳನ್ನು ಅವನು ದರ್ಬಾರಿನಲ್ಲಿ ಓದಿಸಲಿಲ್ಲ. ಯಾರಾದರೂ ಬಂದರೆ ಮರೆಮಾಡುತ್ತಿದ್ದನೆಂದು ಅವನ ಮುನ್ಷಿ ಹಬೀಬುಲ್ಲಾ ಹೇಳಿದ್ದು ದಾಖಲಾಗಿದೆ. ಮರೆಮಾಡಲು ರಾಜಕೀಯದ ಕಾರಣಗಳೂ ಇದ್ದಿರಬಹುದು. ಆದರೂ ಕನಸು ದೇವರ ಕೃಪೆಯೆಂದು ಮನಸಾರೆ ನಂಬಿದವನು ಅದನ್ನು ಶಾಸನವಾಗಿಸದೆ ತನ್ನೊಳಗೇ ಇರಿಸಿಕೊಂಡ ಬಗೆ, ವಹೀಯ ಎಲ್ಲೆಯನ್ನು ಅವನ ಶ್ರದ್ಧೆ ಬಲ್ಲದಾಗಿತ್ತೆಂದು ಭಾವಿಸಲು ಎಡೆಮಾಡಿಕೊಡುತ್ತದೆ.