ಯಾರದೋ ಫೋಟೊ, ಎಲ್ಲಮ್ಮನ ಜಾತ್ರೆ

ವಾರವಿಡೀ ಕೋಡ್ ಬರೆದು ತಲೆ ಕೆಟ್ಟಾಗ ಭಾನುವಾರ ನಾನು ಡಿಜಿಟಲ್ ಕೊಲಾಜ್ ಮಾಡ್ತೀನಿ. ಅಲ್ಲಿಂದೊಂದು ಚಿತ್ರ, ಇಲ್ಲಿಂದೊಂದು ಚಿತ್ರ ಕತ್ತರಿಸಿ ಟ್ಯಾಬ್‌ನಲ್ಲಿ ಅಂಟಿಸೋದು. ಕತ್ತರಿಯೂ ಬೇಡ, ಗೋಂದೂ ಬೇಡ.

ಹೋದ ವರ್ಷ ಮಾಡಿದ ಒಂದರಲ್ಲಿ ಮಲ್ಲೇಶ್ವರದಲ್ಲಿ ಹೂ ಕಟ್ಟುತ್ತಾ ಕೂತ ಅಜ್ಜಿ ಇದ್ದರು. ಅವರ ಕೈಯಲ್ಲಿದ್ದ ಮಲ್ಲಿಗೆ ದಾರವೇ ಮೆಟ್ರೊ ಹಳಿಯಾಗಿ ಅಪಾರ್ಟ್‌ಮೆಂಟುಗಳ ನಡುವೆ ಹೋಗೋ ಹಾಗೆ ಜೋಡಿಸಿದ್ದೆ. ಗೆಳೆಯರೆಲ್ಲ ‘ಸೂಪರ್ ಮಗಾ’ ಅಂದ್ರು. ಉಬ್ಬಿಹೋಗಿ ಪೋಸ್ಟರ್ ಮಾಡಿ ಮಾರಾಟಕ್ಕಿಟ್ಟೆ. 11 ಪೋಸ್ಟರ್ ಹೋಯ್ತು, ನನ್ನ ಕೈಗೆ 1,650 ರೂಪಾಯಿ ಬಂತು.

ಆಮೇಲೆ ಬಂತು ಒಂದು ಮೆಸೇಜ್. ‘ಆ ಅಜ್ಜಿ ನನ್ನ ಫೋಟೊದವರು. ನಾನೂ ಅದರ ಪ್ರಿಂಟ್ ಮಾರ್ತೀನಿ.’

ಸರ್ಚ್‌ನಲ್ಲಿ ಸಿಕ್ಕ ಚಿತ್ರ ಅದು. ಅದನ್ನು ತೆಗೆದವರು ಒಬ್ಬರಿರ್ತಾರೆ ಅನ್ನೋದೇ ನನಗೆ ಹೊಳೆದಿರಲಿಲ್ಲ. ‘30 ಪರ್ಸೆಂಟ್ ಬದಲಿಸಿದ್ರೆ ಸಾಕು, ಇದು ಫೇರ್ ಯೂಸ್’ ಅಂತ ಗತ್ತಿನಿಂದ ಉತ್ತರ ಕೊಟ್ಟೆ. ಅವರು ಕೇಳಿದ್ದು ಒಂದೇ ಮಾತು: ‘ಯಾವ ದೇಶದ ಕಾನೂನು ಇದು?’

ಹುಡುಕಿ ಓದಿದೆ. 30 ಪರ್ಸೆಂಟ್ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ಫೇರ್ ಯೂಸ್ ಇರೋದು ಅಮೆರಿಕದ 1976ರ ಕಾಯ್ದೆಯಲ್ಲಿ. ಅಲ್ಲಿ ನಾಲ್ಕು ಪ್ರಶ್ನೆ ನೋಡ್ತಾರೆ: ಯಾಕೆ ಬಳಸಿದಿರಿ, ಮೂಲ ಎಂಥ ಕೃತಿ, ಎಷ್ಟು ತಗೊಂಡಿರಿ, ಮೂಲದವರ ಮಾರುಕಟ್ಟೆಗೆ ಏಟು ಬಿತ್ತಾ.

ಜೆಫ್ ಕೂನ್ಸ್ ಅನ್ನೋ ಕಲಾವಿದ ಆಂಡ್ರಿಯಾ ಬ್ಲಾಂಚ್ ತೆಗೆದ ಒಂದು ಫ್ಯಾಶನ್ ಫೋಟೊದಿಂದ ಕಾಲುಗಳನ್ನಷ್ಟೇ ಕತ್ತರಿಸಿ, ಇನ್ನೂ ಮೂರು ಜೊತೆ ಕಾಲುಗಳ ಜೊತೆ ನಯಾಗರಾ ಜಲಪಾತದ ಮೇಲೆ ತೂಗುಬಿಟ್ಟ. 2006ರಲ್ಲಿ ಕೋರ್ಟ್ ಅವನ ಪರ ನಿಂತಿತು. ಮ್ಯಾಗಜೀನ್ ಚಿತ್ರಗಳು ನಮ್ಮ ಮೇಲೆ ಏನು ಮಾಡ್ತವೆ ಅಂತ ತೋರಿಸೋಕೆ ಆ ಫೋಟೊ ಬಳಸಿದೆ ಅನ್ನೋ ಉತ್ತರ ಅವನ ಹತ್ತಿರ ಇತ್ತು. ತನ್ನ ಫೋಟೊದ ಬೆಲೆ ಇದರಿಂದ ಕಡಿಮೆಯಾಗಿಲ್ಲ ಅಂತ ಬ್ಲಾಂಚ್ ಕೂಡ ಒಪ್ಪಿದ್ದರು.

2023ರಲ್ಲಿ ಗಾಳಿ ತಿರುಗಿತು. ಗಾಯಕ ಪ್ರಿನ್ಸ್ ಅವರ ಫೋಟೊವನ್ನು 1981ರಲ್ಲಿ ತೆಗೆದದ್ದು ಲಿನ್ ಗೋಲ್ಡ್‌ಸ್ಮಿತ್. 1984ರಲ್ಲಿ ಒಂದೇ ಒಂದು ಸಲದ ಬಳಕೆಗೆ ಅಂತ ಅವರಿಗೆ ಸಿಕ್ಕಿದ್ದು 400 ಡಾಲರ್. ಆ್ಯಂಡಿ ವಾರ್‌ಹೋಲ್ ಅದರಿಂದ ಒಂದು ಸರಣಿಯನ್ನೇ ಮಾಡಿದ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅದರಲ್ಲೊಂದು ಚಿತ್ರ ಮ್ಯಾಗಜೀನ್ ಮುಖಪುಟಕ್ಕೆ ಬಂತು. ವಾರ್‌ಹೋಲ್ ಫೌಂಡೇಶನ್‌ಗೆ 10,000 ಡಾಲರ್, ಗೋಲ್ಡ್‌ಸ್ಮಿತ್‌ಗೆ ಸೊನ್ನೆ. ಸುಪ್ರೀಂ ಕೋರ್ಟ್ 7–2ರಲ್ಲಿ ಗೋಲ್ಡ್‌ಸ್ಮಿತ್ ಪರ ತೀರ್ಪು ಕೊಟ್ಟಿತು. ಶೈಲಿ ಬೇರೆಯಾದ್ರೂ, ಪ್ರಿನ್ಸ್ ಬಗ್ಗೆ ಬರೆಯೋ ಮ್ಯಾಗಜೀನಿಗೆ ಚಿತ್ರ ಕೊಡೋ ಕೆಲಸ ಇಬ್ಬರದೂ ಒಂದೇ ಅಲ್ವಾ ಅನ್ನೋದು ವಾದದ ತಿರುಳು.

ನನ್ನ ಅಜ್ಜಿಯನ್ನು ಈ ತಕ್ಕಡಿಯಲ್ಲಿಟ್ಟು ನೋಡಿದೆ. ಆ ಫೋಟೊ ಬಗ್ಗೆ ನಾನು ಏನಾದ್ರೂ ಹೇಳಿದ್ನಾ? ಇಲ್ಲ. ಇದೇ ಫೋಟೊ ಯಾಕೆ ಬೇಕಿತ್ತು? ಚೆನ್ನಾಗಿತ್ತು, ಅಷ್ಟೇ. ಗೋಡೆಗೆ ಹಾಕೋ ಚಿತ್ರ ಅವರೂ ಮಾರ್ತಾರೆ, ನಾನೂ ಮಾರಿದೆ. ಕೂನ್ಸ್ ಹತ್ತಿರ ಇದ್ದ ಉತ್ತರ ನನ್ನ ಹತ್ತಿರ ಇರಲಿಲ್ಲ.

ನಮ್ಮ ದೇಶದ್ದು ಇನ್ನೂ ಬಿಗಿ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿರೋದು ‘ಫೇರ್ ಡೀಲಿಂಗ್’. ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ ಇಂಥ ಉದ್ದೇಶಗಳಿಗೆ ಮಾತ್ರ. ನನ್ನ ಟ್ಯಾಬ್‌ನಲ್ಲಿ ನಾನೇ ನೋಡಿಕೊಳ್ಳೋ ಕೊಲಾಜ್ ಒಂದು ಲೆಕ್ಕ, ಮಾರೋ ಪೋಸ್ಟರ್ ಬೇರೆ ಲೆಕ್ಕ.

ನಾಚಿಕೆ ಆಗಿದ್ದು ಇನ್ನೊಂದಕ್ಕೆ. ಆಫೀಸ್‌ನಲ್ಲಿ ಒಂದು ಓಪನ್ ಸೋರ್ಸ್ ಲೈಬ್ರರಿ ಸೇರಿಸೋ ಮೊದಲು ಅದರ ಲೈಸೆನ್ಸ್ ಏನು ಅಂತ ಹತ್ತು ಸಲ ನೋಡ್ತೀನಿ. ಜೂನಿಯರ್ ಯಾರಾದ್ರೂ ನೋಡದೆ ಸೇರಿಸಿದ್ರೆ ರಿವ್ಯೂನಲ್ಲಿ ತಡೀತೀನಿ. ಅದೇ ನಾನು ಭಾನುವಾರ ಬಂದ್ರೆ ಯಾರದೋ ದುಡ್ಡಲ್ಲಿ ಎಲ್ಲಮ್ಮನ ಜಾತ್ರೆ ಮಾಡ್ತಿದ್ದೆ.

ಪೋಸ್ಟರ್ ತೆಗೆದೆ, ಕ್ಷಮೆ ಕೇಳಿದೆ. ಅವರ ಲೈಸೆನ್ಸ್ ದರ 2,000 ರೂಪಾಯಿ, ಕಟ್ಟಿದೆ. ಲೆಕ್ಕದಲ್ಲಿ 350 ರೂಪಾಯಿ ಲಾಸ್. ಅಜ್ಜಿ ಪೋಸ್ಟರ್ ಈಗ ಮತ್ತೆ ಮಾರಾಟಕ್ಕಿದೆ, ಕೆಳಗೆ ಅವರ ಹೆಸರೂ ಇದೆ.

ಈಗ ಕತ್ತರಿ ಹಾಕೋ ಮೊದಲು ನೋಡ್ತೀನಿ. ನಮ್ಮಲ್ಲಿ ಕಲಾವಿದರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತೆ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಚಿತ್ರಗಳು ಎಲ್ಲರವು. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಿಂದ ಲಕ್ಷಗಟ್ಟಲೆ ಚಿತ್ರಗಳನ್ನು ಮುಕ್ತವಾಗಿ ಬಿಟ್ಟಿದೆ. ಕ್ರಿಯೇಟಿವ್ ಕಾಮನ್ಸ್ ಅಂತ ಇದ್ರೂ ‘ಎನ್‌ಡಿ’ ಅಕ್ಷರ ಕಂಡ್ರೆ ಬಿಟ್ಟುಬಿಡಿ, ಬದಲಿಸಿ ಹಂಚೋ ಹಾಗಿಲ್ಲ ಅಂತ ಅರ್ಥ. ಉಳಿದದ್ದಕ್ಕೆ ಒಂದು ಮೆಸೇಜ್ ಹಾಕಿ ಕೇಳ್ತೀನಿ.

ಹೋದ ವಾರ ಇಬ್ಬರನ್ನು ಕೇಳಿದ್ದೆ. ಒಬ್ಬರು ಆಗಲ್ಲ ಅಂದ್ರು. ಇನ್ನೊಬ್ಬರು ‘ಮುಗಿದ ಮೇಲೆ ತೋರಿಸಿ’ ಅಂದ್ರು. ಈ ಭಾನುವಾರ ಅದನ್ನೇ ಮುಗಿಸಬೇಕು.