ಮುಪ್ಪಿನಲ್ಲಿ ಹರಿದ ಭುಜ: ಹೊಲಿಸಬೇಕೆ?

ಖಾನಾಪುರದಲ್ಲಿ ಗದ್ದೆ ಮಾಡಿಕೊಂಡಿರುವ ನನ್ನ ಸೋದರಮಾವನವರಿಗೆ 67 ವರ್ಷ. ಈ ಬೇಸಗೆಯಿಂದ ಅವರ ಬಲಗೈ ಭುಜದ ಮಟ್ಟಕ್ಕಿಂತ ಮೇಲೇರದಾಯಿತು. ಬೆಳಗಾವಿಯಲ್ಲಿ ತೆಗೆಸಿದ ಎಂ.ಆರ್.ಐ. ಚಿತ್ರದಲ್ಲಿ ಭುಜದ ಸ್ನಾಯುರಜ್ಜುವೊಂದು ಹರಿದಿರುವುದು ಕಂಡುಬಂತು. ಆ ಸಂಜೆ ಮನೆಯಲ್ಲಿ ಎರಡು ಪಕ್ಷಗಳಾದುವು. ಹರಿದುದನ್ನು ಹೊಲಿಸದೆ ಬಿಡುವುದುಂಟೆ ಎಂದು ಮಗನ ವಾದ. ಈ ವಯಸ್ಸಿನಲ್ಲಿ ಶಸ್ತ್ರಕ್ರಿಯೆ ಏಕೆ ಎಂದು ನೆರೆಯವರದು. ಜಗಲಿಯಲ್ಲಿ ಕುಳಿತಿದ್ದ ಮಾವನವರು ನನ್ನ ಕಡೆ ತಿರುಗಿ, “ನನ್ನನ್ನ ಯಾರೂ ಕೇಳಲೇ ಇಲ್ಲಲ್ಲೋ ತಮ್ಮಾ” ಎಂದರು.

ನನ್ನ ಅಭಿಪ್ರಾಯದಲ್ಲಿ ಎರಡು ಪಕ್ಷಗಳೂ ತಪ್ಪಿದ್ದುವು.

ಸ್ನಾಯುರಜ್ಜುವೆಂದರೆ ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಬಿಳಿಯ ಹುರಿ. ಅದರ ಮೇಲೆ ಬೀಳುವ ಭಾರವನ್ನು ಪಠ್ಯಪುಸ್ತಕದ ಸನ್ನೆಕೋಲಿನ ನಿಯಮದಿಂದಲೇ ಅಂದಾಜು ಮಾಡಬಹುದು. ಒಂದು ತೋಳಿನ ತೂಕ ಸುಮಾರು 3 ಕಿಲೋಗ್ರಾಂ ಎನ್ನೋಣ. ಕೈಯನ್ನು ಅಡ್ಡಕ್ಕೆ ಚಾಚಿದಾಗ ಅದರ ಗುರುತ್ವಕೇಂದ್ರ ಕೀಲಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿದೆ. ಎತ್ತುವ ಮಾಂಸಖಂಡಗಳಾದರೋ ಕೇವಲ 3 ಸೆಂಟಿಮೀಟರ್ ದೂರದಿಂದ ಎಳೆಯಬೇಕು. ಎಂದರೆ ಬರಿಗೈಯನ್ನು ಚಾಚಿ ಹಿಡಿಯಲು 30 ಕಿಲೋಗ್ರಾಂ ತೂಕದಷ್ಟು ಸೆಳೆತ ಬೇಕು! ಅಂಗೈಯಲ್ಲಿ 2 ಕಿಲೋಗ್ರಾಂ ಭಾರವಿಟ್ಟರೆ ಅದು 70ಕ್ಕೆ ಏರುತ್ತದೆ. ಮಳೆಗಾಲಕ್ಕೆ ಮುನ್ನ ಮಾಡಿನ ಹೆಂಚು ಸರಿಪಡಿಸುತ್ತ ಐವತ್ತು ವರ್ಷ ಕಳೆದವರ ಹುರಿ ಸವೆದರೆ ಆಶ್ಚರ್ಯವೇನು? ಅರುವತ್ತು ದಾಟಿದ ಎಷ್ಟೋ ಜನರಲ್ಲಿ ಇಂತಹ ಹರಿಕು ನೋವೇ ಇಲ್ಲದೆ ಇರುತ್ತದೆ. ಎಂ.ಆರ್.ಐ. ಯಂತ್ರವು ಹೈಡ್ರೊಜನ್ ಪರಮಾಣುಬೀಜಗಳ ಸಂಕೇತವನ್ನು ಹಿಡಿದು ಚಿತ್ರ ರಚಿಸುತ್ತದೆ. ಭೌತಶಾಸ್ತ್ರದವನಾದ ನನಗೆ ಅದರ ಮೇಲೆ ಅಭಿಮಾನವಿದೆ. ಆದರೂ ಈ ಮನುಷ್ಯನು ಅಂಗಿ ತೊಡಬಲ್ಲನೇ ಎಂಬುದನ್ನು ಅದು ಹೇಳಲಾರದು.

ಮೊದಲು ಕೇಳಬೇಕಾದುದು, ಹುರಿ ಹೇಗೆ ಹರಿಯಿತು ಎಂದು. ನಿನ್ನೆಯವರೆಗೆ ಚೆನ್ನಾಗಿದ್ದ ಕೈ ಬಿದ್ದ ಪೆಟ್ಟಿಗೆ ಒಮ್ಮೆಲೇ ಸೋತರೆ, ವಯಸ್ಸೆಷ್ಟೇ ಇರಲಿ, ತಡಮಾಡದೆ ಶಸ್ತ್ರವೈದ್ಯರನ್ನು ಕಾಣಬೇಕು. ಹುರಿ ಕಳಚಿದ ಮಾಂಸಖಂಡವು ತಿಂಗಳುಗಳು ಉರುಳಿದಂತೆ ಸೊರಗಿ, ಅದರಲ್ಲಿ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿದರೂ ಬಲ ಮರಳುವುದು ಕಷ್ಟ. ನಿಧಾನವಾಗಿ ಸವೆದು ಹರಿದುದರ ಮಾತು ಬೇರೆ. ಫಿನ್ಲೆಂಡಿನಲ್ಲಿ 55 ವರ್ಷ ಮೀರಿದ ಇಂತಹ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ವ್ಯಾಯಾಮವನ್ನು ಮಾತ್ರ, ಕೆಲವರಿಗೆ ಹೊಲಿಗೆಯನ್ನೂ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷದ ಬಳಿಕ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಆದರೆ ನಾರ್ವೆಯಲ್ಲಿ ಸಣ್ಣ ಮತ್ತು ಮಧ್ಯಮ ಗಾತ್ರದ ಹರಿಕುಳ್ಳ 103 ಜನರನ್ನು ಹತ್ತು ವರ್ಷ ಗಮನಿಸಿದಾಗ, ಹೊಲಿಸಿಕೊಂಡವರೇ ಮೇಲಾಗಿದ್ದುದು ಕಂಡಿತು. ಈ ವರದಿ 2019ರದು.

ಆದುದರಿಂದ ವಯಸ್ಸನ್ನು ಹಿಂದಕ್ಕೆ ಎಣಿಸುವುದಕ್ಕಿಂತ ಮುಂದಕ್ಕೆ ಎಣಿಸುವುದು ಲೇಸು. ಈ ಕೈಯಿಂದ ಇನ್ನೆಷ್ಟು ವರ್ಷ, ಎಂತಹ ಕೆಲಸ ಆಗಬೇಕಾಗಿದೆ? ಅದನ್ನು ಬಲ್ಲವರು ಕೈಯ ಒಡೆಯರೇ ಹೊರತು ಮಗನಲ್ಲ, ನೆರೆಯವರೂ ಅಲ್ಲ.

ಹೊಲಿಗೆಯ ಬೆಲೆ ಆಸ್ಪತ್ರೆಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರಬೇಕು. ಭಾರದ ಕೆಲಸಕ್ಕೆ ಆರು ತಿಂಗಳಾದರೂ ಕಾಯಬೇಕು. ಹೊಲಿದ ಮೇಲೂ ವ್ಯಾಯಾಮ ತಪ್ಪದು. ಮುಪ್ಪಿನ ಹುರಿ ಎಲುಬಿಗೆ ಕೂಡದೆ ಮತ್ತೆ ಹರಿಯುವುದೂ ಅಪರೂಪವಲ್ಲ. ಮಧುಮೇಹ, ಧೂಮಪಾನಗಳಿದ್ದರೆ ಈ ಭಯ ಹೆಚ್ಚು. ನಾಟಿಯ ಕಾಲದಲ್ಲಿ ಜೋಳಿಗೆಯ ಕೈ ಹೊತ್ತು ಮನೆಯಲ್ಲಿ ಕೂರುವುದು ಖಾನಾಪುರದ ರೈತನಿಗೆ ಸಣ್ಣ ಮಾತಲ್ಲ.

ಮಾವನವರದು ಸವೆತದ ಹರಿಕು. ವೈದ್ಯರೊಡನೆ ಮಾತನಾಡಿ ಮೂರು ತಿಂಗಳ ವ್ಯಾಯಾಮವನ್ನು ಅವರೇ ಆರಿಸಿಕೊಂಡರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಕಲಿತು, ಉಳಿದ ದಿನ ಜಗಲಿಯ ಕಂಬಕ್ಕೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುತ್ತಾರೆ. ಎರಡು ತಿಂಗಳಾದುವು. ರಾತ್ರಿ ನಿದ್ದೆ ಬರುತ್ತಿದೆ, ರುಮಾಲು ಸುತ್ತಲು ಕೈ ಏರುತ್ತಿದೆ. ಅಟ್ಟದ ಮೇಲಿನ ಚೀಲ ಮಾತ್ರ ಇನ್ನೂ ಎಟುಕದು. ಅದೂ ಬೇಕೆನಿಸಿದರೆ ಸುಗ್ಗಿ ಮುಗಿದ ಮೇಲೆ ಹೊಲಿಸಿಕೊಳ್ಳುವರಂತೆ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಲು, ಮತ್ತೆ ಹರಿಯುವ ಸಂಭವವೆಷ್ಟು, ಮಾಂಸಖಂಡದಲ್ಲಿ ಕೊಬ್ಬು ಎಷ್ಟು ಸೇರಿದೆ ಎಂಬ ಎರಡು ಪ್ರಶ್ನೆಗಳನ್ನು ನನ್ನಿಂದ ಚೀಟಿಯಲ್ಲಿ ಬರೆಯಿಸಿಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ.