ಗಿಣಿ ಕಚ್ಚಿತು ಅಂತ ಅಳಬ್ಯಾಡ್ರಿ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಬ್ಯಾಂಡೇಜ್ ಸುತ್ತಿದ ಬೆರಳು ತೋರಿಸಿದ. ಮನೆಯಲ್ಲಿ ಸಾಕಿದ ಹಸಿರು ಗಿಳಿ ಕಚ್ಚಿತ್ತು. "ಎರಡು ವರ್ಷದಿಂದ ಬಾದಾಮಿ, ದಾಳಿಂಬೆ ತಿನ್ನಿಸಿ ಮಗು ಥರ ನೋಡ್ಕೊಂಡಿದೀನಿ. ಎಷ್ಟು ಕೃತಘ್ನ ನೋಡು!" ಟೇಬಲ್ಲಿನಲ್ಲಿದ್ದವರೆಲ್ಲ ಅಯ್ಯೋ ಪಾಪ ಅಂದರು. ನಾನು ಅನ್ನಲಿಲ್ಲ.

ನನ್ನ ತೋರುಬೆರಳಿನ ಮೇಲೂ ಒಂದು ಹಳೆಯ ಕಲೆ ಇದೆ. ಯಾದಗಿರಿ ಜಿಲ್ಲೆಯ ಕೊಂಕಲ್‌ನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಪಂಜರದ ಗಿಣಿಯೊಂದಿತ್ತು. ನನಗಾಗ ಹತ್ತು ವರ್ಷ. ಅದರ ರೆಕ್ಕೆಯ ಪುಕ್ಕ ಕತ್ತರಿಸುವಾಗ ಗಟ್ಟಿಯಾಗಿ ಹಿಡಿದುಕೊಂಡವನು ನಾನೇ. ಮರುದಿನ ಮೆಣಸಿನಕಾಯಿ ಹಿಡಿದು ಪಂಜರದೊಳಗೆ ಕೈ ಹಾಕಿದೆ. ಗಿಣಿ ಮೂಲೆಗೆ ಸರಿಯಿತು. ಕತ್ತಿನ ಪುಕ್ಕ ಉಬ್ಬಿಸಿತು, ಬಾಲ ಬೀಸಣಿಗೆಯಂತೆ ಬಿಚ್ಚಿತು. ಕಣ್ಣಿನ ಪಾಪೆ ಚಕಚಕನೆ ಸಣ್ಣದು, ದೊಡ್ಡದು ಆಗತೊಡಗಿತು. ಮುತ್ಯಾ ಕೂತಲ್ಲಿಂದಲೇ ಹೇಳಿದ: "ಕೈ ತಗಿ ತಮ್ಮಾ, ಅದು ಬ್ಯಾಡ ಅನ್ಲಕತ್ತದ." ನಾನು ತಗೀಲಿಲ್ಲ. ಕಚ್ಚಿತು.

ಅದೇ ಮುತ್ಯಾ ಜ್ವಾಳ ತೆನಿ ಹಾಲಿಗೆ ಬಂದಾಗ ಹೊಲದಲ್ಲಿ ಕವಣಿ ಬೀಸಿ ಗಿಣಿ ಹಿಂಡು ಓಡಿಸುತ್ತಿದ್ದ. ಒಂದು ಕಲ್ಲು ಸುಂಯ್ ಅಂದರೆ ಇಡೀ ಹಿಂಡು ಕಿರುಚುತ್ತಾ ಎದ್ದು ಹೋಗುತ್ತಿತ್ತು. ಕಲ್ಲು ಬೀಸಿದ ಮುತ್ಯಾನನ್ನು ಹೊಲದ ಗಿಣಿ ಒಂದು ದಿನವೂ ಕಚ್ಚಲಿಲ್ಲ. ತಿನ್ನಿಸಲು ಹೋದ ನನ್ನನ್ನು ಮನೆಯ ಗಿಣಿ ಕಚ್ಚಿತು. ವ್ಯತ್ಯಾಸ ಇಷ್ಟೇ: ಹೊಲದ ಗಿಣಿಗೆ ಹಾರಿಹೋಗುವ ದಾರಿ ಇತ್ತು.

ಗಿಳಿ ಬೇಟೆಯಾಡುವ ಹಕ್ಕಿಯಲ್ಲ, ಬೇಟೆಗೆ ಬಲಿಯಾಗುವ ಹಕ್ಕಿ. ಹೆದರಿದರೆ ಅದರ ಮೊದಲ ಉತ್ತರ ಹಾರುವುದು. ಪಂಜರ ಹಾಕಿ, ರೆಕ್ಕೆ ಕತ್ತರಿಸಿ ಆ ಉತ್ತರವನ್ನು ನಾವೇ ಕಿತ್ತುಕೊಂಡೆವು. ಎರಡನೆಯ ಉತ್ತರ ಮೈ ಭಾಷೆ. ಅದನ್ನು ನಾವು ಓದಲಿಲ್ಲ, ಬದಲಿಗೆ "ಎಷ್ಟ್ ಕ್ಯೂಟಾಗಿ ಉಬ್ಬುತ್ತೆ" ಅಂತ ರೀಲ್ ಮಾಡಿದೆವು. ಉಳಿದದ್ದು ಕೊಕ್ಕು. ಕಚ್ಚಿದ ಕೂಡಲೇ ಕೈ ಹಿಂದೆ ಹೋಗುತ್ತದೆ. ಗಿಳಿ ದಡ್ಡ ಅಲ್ಲ, ಪಾಠ ಕಲಿಯುತ್ತದೆ. ಮುಂದಿನ ಸಲ ಉಬ್ಬುವುದು, ಸರಿಯುವುದು ಏನೂ ಇಲ್ಲ, ನೇರ ಕಚ್ಚುವುದೇ.

ಇನ್ನೊಂದು ಮಾತು. ಕೊಕ್ಕು ಗಿಳಿಗೆ ಮೂರನೇ ಕಾಲು. ಕೈ ಮೇಲೆ ಹತ್ತುವ ಮುಂಚೆ ಆ 'ಕೊಂಬೆ' ಗಟ್ಟಿ ಇದೆಯಾ ಅಂತ ಕೊಕ್ಕಿನಿಂದ ಹಿಡಿದು ನೋಡುತ್ತದೆ. ನಾವು ಹೆದರಿ ಕೈ ಎಳೆದುಕೊಳ್ಳುತ್ತೇವೆ. ಕೊಂಬೆ ಅಲ್ಲಾಡಿತು ಅಂತ ಅದು ಇನ್ನೂ ಬಿಗಿ ಹಿಡಿಯುತ್ತದೆ. ಅದನ್ನೂ ದ್ರೋಹದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ! ಮರಿ ಮಾಡುವ ಕಾಲದಲ್ಲಿ ಅದರ ಸಿಟ್ಟು ಹೆಚ್ಚುತ್ತದೆ. ರಾತ್ರಿ ಹನ್ನೆರಡರವರೆಗೆ ಟಿವಿ ಹಚ್ಚಿಟ್ಟರೆ ನಿದ್ದೆಯಿಲ್ಲದೆಯೂ ಸಿಡುಕುತ್ತದೆ. ನಾವು ಸಿಡುಕುವುದಿಲ್ಲವೇ?

ಹೊಡೆಯಬೇಡಿ, ಕಿರುಚಬೇಡಿ, ಅದಾಗಿಯೇ ಬರುವತನಕ ಕಾಯಿರಿ ಎಂಬ ಸಲಹೆಗಳೆಲ್ಲ ಸರಿಯೇ. ಆದರೆ ಅವು ಕೈಯನ್ನು ಉಳಿಸುವ ಸಲಹೆಗಳು. ಹಿಂಡಿನಲ್ಲಿ ಬದುಕುವ ಹಕ್ಕಿಯನ್ನು ಎರಡು ಬೆಡ್‌ರೂಮ್ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂಟಿಯಾಗಿ ಇಪ್ಪತ್ತು ವರ್ಷ ಕೂಡಿಹಾಕುವುದು ಸರಿಯೇ ಎಂದು ಅವು ಕೇಳುವುದಿಲ್ಲ. ಕಾನೂನು ಕೇಳಿಯಾಗಿದೆ. ನಮ್ಮ ದೇಶದ ಈ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ ಹಕ್ಕಿ. 2022ರ ತಿದ್ದುಪಡಿಯ ನಂತರ ಅದು ಎರಡನೇ ಅನುಸೂಚಿಯಲ್ಲಿದೆ. ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ಸಂತೆಯಲ್ಲಿ ನೀವು ಕೊಂಡ ಮರಿಯನ್ನು ಯಾರೋ ಮರದ ಪೊಟರೆಗೆ ಕೈ ಹಾಕಿ ಎಳೆದು ತಂದಿರುತ್ತಾರೆ. ಅದು ಕಂಡ ಮೊದಲ ಮನುಷ್ಯನ ಕೈ ಅದೇ.

"ಪ್ರೀತಿಯಿಂದ ಸಾಕಿದೀವಲ್ಲಾ?" ಅಂತೀರಿ. ನಾವೂ ಪ್ರೀತಿಯಿಂದಲೇ ಸಾಕಿದ್ದು. ಅವ್ವ ಮೊದಲ ತುತ್ತು ಅದಕ್ಕೇ ಇಡುತ್ತಿದ್ದಳು. ಪ್ರೀತಿ ನಮ್ಮದು, ಪಂಜರ ಅದರದು.

ಗೆಳೆಯ ಕೇಳಿದ, "ಹಾಗಾದ್ರೆ ಇವತ್ತೇ ಬಾಲ್ಕನಿಯಿಂದ ಬಿಟ್ಟುಬಿಡ್ಲಾ?" ಬೇಡ ಮಾರಾಯ. ರೆಕ್ಕೆ ಕತ್ತರಿಸಿದ, ಊಟ ಹುಡುಕಲು ಗೊತ್ತಿಲ್ಲದ ಹಕ್ಕಿಯನ್ನು ಬಿಟ್ಟರೆ ಸಂಜೆಯೊಳಗೆ ಬೆಕ್ಕಿನ ಪಾಲು. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸು. ಅಲ್ಲೀತನಕ ಅದು ಬ್ಯಾಡ ಅಂದಾಗ ಕೈ ತಗಿ.

ನಮ್ಮ ಗಿಣಿ ನಾನು ಪಿಯುಸಿಯಲ್ಲಿದ್ದಾಗ ಅದೇ ಪಂಜರದಲ್ಲಿ ಸತ್ತಿತು. ಕಡೆತನಕ ನನ್ನ ಕೈಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.